ಬಾಯಿವರೆಗೆ ಬಂದ ಮಾತು

ಚಿನ್ನಯ್ಯ ಶೆಟ್ಟರು ಯಾರಿಗೂ ಒಂದು ಕೆಟ್ಟ ಮಾತು ಅಂದವರಲ್ಲ ಎಂಬ ವಿಷಯದಲ್ಲಿ ಕಲ್ಲಡ್ಕದಿಂದ ಬಂಟ್ವಾಳದವರೆಗೆ ಎರಡು ಅಭಿಪ್ರಾಯವಿರಲಿಲ್ಲ. ಕೃಷಿಕರ ಸಹಕಾರಿ ಸಂಘದ ಗೊಬ್ಬರದ ಕೌಂಟರಿನಲ್ಲಿ ಇಪ್ಪತ್ತಾರು ವರ್ಷ ಕುಳಿತೂ ಇಂಥ ಹೆಸರು ಉಳಿಸಿಕೊಳ್ಳುವುದು ಹುಡುಗಾಟವಲ್ಲ. ಪೊಟ್ಯಾಷ್ ಬಂದ ದಿನ ಯೂರಿಯಾ ಕೇಳುವವರು, ಯೂರಿಯಾ ಬಂದ ದಿನ ಹಳೆಯ ಪೊಟ್ಯಾಷಿನ ಚೀಲ ವಾಪಸು ತರುವವರು, ಸರದಿಯಲ್ಲಿ ನಿಂತು ತಮ್ಮ ಅಜ್ಜ ಈ ಸಂಘಕ್ಕೆ ಜಾಗ ಬಿಟ್ಟುಕೊಟ್ಟ ಕಥೆ ಹೇಳುವವರು, ಎಲ್ಲರಿಗೂ ಶೆಟ್ಟರದು ಒಂದೇ ಮುಗುಳ್ನಗೆ, ಒಂದೇ ಉತ್ತರ: "ಆಯ್ತು ಮಾರಾಯ್ರೆ, ಸೋಮವಾರ ಬನ್ನಿ."

ಒಳಗಿನ ಕಥೆ ಬೇರೆ. ಬಾಯಿ "ಸೋಮವಾರ ಬನ್ನಿ" ಅನ್ನುವ ಹೊತ್ತಿಗೆ ತಲೆಯೊಳಗೆ ಇನ್ನೊಬ್ಬ ಶೆಟ್ಟರು ಪಂಚೆ ಎತ್ತಿ ಕಟ್ಟಿ ನಿಂತು, ಅಪ್ಪಟ ತುಳುವಿನಲ್ಲಿ, ಎದುರಿಗಿದ್ದವನ ಮೋರೆ, ನಡಿಗೆ, ಅವನ ಅಜ್ಜ ಬಿಟ್ಟುಕೊಟ್ಟ ಜಾಗದ ನಿಜವಾದ ಅಳತೆ ಎಲ್ಲವನ್ನೂ ವಿವರವಾಗಿ ಬಣ್ಣಿಸುತ್ತಿದ್ದರು. ಹೊರಗಿನ ಶೆಟ್ಟರು ನಗುತ್ತಿದ್ದರು, ಒಳಗಿನ ಶೆಟ್ಟರು ಬೈಯುತ್ತಿದ್ದರು. ಇಬ್ಬರೂ ಇಷ್ಟು ವರ್ಷ ಒಂದೇ ಮೈಯಲ್ಲಿ ಹೊಂದಿಕೊಂಡು ಬಾಳಿದ್ದರು.

ಹೆಂಡತಿ ಕಾಂತಿಯ ಬಗ್ಗೆ ಮಾತ್ರ ಒಳಗಿನವರು ಹೆಚ್ಚು ಮಾತಾಡಿದ್ದಿಲ್ಲ. ನೆನಪಿನಲ್ಲಿ ಉಳಿದದ್ದು ಒಂದೇ ಮಾತು, ಅದೂ ಹದಿನಾಲ್ಕು ವರ್ಷದ ಹಿಂದಿನದು. ಮೂಡುಬಿದಿರೆಯ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಿಂದ ಅವಳಿಗೆ ಮೇಲ್ವಿಚಾರಣೆಯ ಕೆಲಸಕ್ಕೆ ಕರೆ ಬಂದಿತ್ತು. ಬೆಳಿಗ್ಗೆ ಏಳರ ಬಸ್ಸಿಗೆ ಹೋಗಿ ಸಂಜೆ ಏಳಕ್ಕೆ ಬರುವ ಕೆಲಸ. ಕಾಂತಿ ಕಾಗದ ತೋರಿಸಿ "ಎಂತ ಮಾಡುವ?" ಎಂದು ಕೇಳಿದಾಗ ಶೆಟ್ಟರ ಬಾಯಿ "ನಿನ್ನ ಇಷ್ಟ" ಅಂದಿತು. ಒಳಗಿನವರು "ಬೇಡ, ಹೋಗಬೇಡ" ಅಂದರು. ಕಾಂತಿ ಎರಡು ದಿನ ಯೋಚಿಸಿ, ಹೋಗಲಿಲ್ಲ. "ನನಗೇ ಬೇಡ ಅನ್ನಿಸಿತು" ಎಂದು ಅವಳು ನೆಂಟರೆದುರು ಹೇಳುವಾಗಲೆಲ್ಲ ಶೆಟ್ಟರಿಗೆ ಎದೆ ಹಗುರವಾಗುತ್ತಿತ್ತು. ಅವಳು ತಾನಾಗಿಯೇ ಬಿಟ್ಟದ್ದು, ತನ್ನದೇನೂ ತಪ್ಪಿಲ್ಲ ಎಂಬ ನಂಬಿಕೆಯಲ್ಲಿ ಅವರು ಹದಿನಾಲ್ಕು ವರ್ಷ ನಿದ್ದೆ ಮಾಡಿದ್ದರು.

ಹೀಗಿರುವಾಗ ಒಂದು ಶನಿವಾರ ಸಂಘದ ಸದಸ್ಯರ ಮಾಹಿತಿ ಶಿಬಿರ ಬಂತು. ಅಡಿಕೆಯ ಕೊಳೆರೋಗದ ಬಗ್ಗೆ ಮಾತಾಡಬೇಕಾಗಿದ್ದ ವಿಜ್ಞಾನಿಗೆ ಅದೇ ದಿನ ಜ್ವರ. ಕಾರ್ಯಕ್ರಮ ನಿಲ್ಲಬಾರದೆಂದು, ರಜೆಯಲ್ಲಿ ಊರಿಗೆ ಬಂದಿದ್ದ ಶುಭಶ್ರೀಯನ್ನು ವೇದಿಕೆ ಹತ್ತಿಸಿದರು. ಅವಳು ದೇವಸ್ಥಾನದ ಅರ್ಚಕ ಕೇಶವಪ್ರಸಾದ ಭಟ್ಟರ ಮಗಳು, ಮಂಗಳೂರಿನಲ್ಲಿ ಮೆದುಳಿನ ಡಾಕ್ಟರು. ಕೊಳೆರೋಗದ ಬದಲು ಅವಳಿಗೆ ಗೊತ್ತಿದ್ದನ್ನೇ ಹೇಳಿದಳು.

"ನಾವು ಮನಸ್ಸಿನಲ್ಲೇ ಮಾತಾಡುವಾಗ ಮೆದುಳು ಸುಮ್ಮನೆ ಕೂತಿರುವುದಿಲ್ಲ. ಬಾಯಿಬಿಟ್ಟು ಮಾತಾಡುವಾಗ ಮಾಡುವ ಹೆಚ್ಚಿನ ಕೆಲಸವನ್ನು ಆಗಲೂ ಮಾಡ್ತದೆ. ಎಡಗಡೆ ಹಣೆಯ ಹಿಂದಿನ ಭಾಗ ಶಬ್ದ ಜೋಡಿಸ್ತದೆ. ನಾಲಗೆಗೆ, ಗಂಟಲಿಗೆ ಅಪ್ಪಣೆ ತಯಾರಾಗ್ತದೆ. ಕೊನೆಯ ಗಳಿಗೆಯಲ್ಲಿ ತಡೆ ಹಿಡಿಯುವುದು, ಅಷ್ಟೆ. ಆದ್ರೂ ಒಂದು ಚೂರು ಸೋರ್ತದೆ. ಗಂಟಲಿಗೆ ತಂತಿ ಅಂಟಿಸಿ ನೋಡಿದ್ರೆ ಆ ಅಲುಗಾಟ ಗೊತ್ತಾಗ್ತದೆ."

ಅಷ್ಟರಲ್ಲಿ ಗೋಳಿಬಜೆ ಬಂತು. ಗೋಳಿಬಜೆಯ ಜವಾಬ್ದಾರಿ ಶೆಟ್ಟರದು. ಅವರು ಎದ್ದು ಹೋಗಿ, ನೂರಿಪ್ಪತ್ತು ಜನಕ್ಕೆ ಚಟ್ನಿ ಸಾಲುವುದೇ ಎಂದು ನೋಡಿ, ಬೆವರು ಒರೆಸಿಕೊಂಡು ವಾಪಸು ಬರುವಾಗ ಶುಭಶ್ರೀಯ ಮಾತು ಬೇರೆಲ್ಲಿಗೋ ಹೋಗಿತ್ತು.

"...ವಯಸ್ಸಾದ ಹಾಗೆ ಕೆಲವರಲ್ಲಿ ಈ ತಡೆ ಸಡಿಲ ಆಗ್ತದೆ. ಒಳಗಿನ ಮಾತು ಹೊರಗೆ ಬಂದುಬಿಡ್ತದೆ. ಅದು ಅವರಿಗೇ ಗೊತ್ತಿರುವುದಿಲ್ಲ."

ನಡುವೆ ಅವಳು, ಆ ಅಲುಗಾಟ ಯಂತ್ರಕ್ಕೆ ಮಾತ್ರ ತಿಳಿಯುವಂಥದ್ದು, ಪಕ್ಕದಲ್ಲಿ ಕೂತವರಿಗೆ ಏನೂ ಕೇಳಿಸುವುದಿಲ್ಲ, ಯಾರೂ ಹೆದರಬೇಕಾಗಿಲ್ಲ ಎಂದು ಎರಡು ಸಲ ಹೇಳಿದ್ದಳು. ಆ ಎರಡೂ ಸಲ ಶೆಟ್ಟರು ಚಟ್ನಿಯ ಪಾತ್ರೆಯಲ್ಲಿ ಸೌಟು ಆಡಿಸುತ್ತಿದ್ದರು. ಶೆಟ್ಟರಿಗೆ ಐವತ್ತೇಳು ವರ್ಷ. ಗೋಡೆಗೆ ಒರಗಿ ನಿಂತವರು ಗಂಟಲು ಮುಟ್ಟಿ ನೋಡಿಕೊಂಡರು. ಏನೋ ಅಲುಗಿದ ಹಾಗೆ ಆಯಿತು.

ಅದೇ ಸಂಜೆ ಪುರಾವೆಯೂ ಸಿಕ್ಕಿತು. ನೆರೆಮನೆಯ ಹಸೈನಾರ್ ಬಂಟ್ವಾಳದಲ್ಲಿ ಅಡಿಕೆ ವ್ಯಾಪಾರದವರು. ಸಂಘವೂ ಅಲ್ಲೇ ಇದ್ದುದರಿಂದ ಇಪ್ಪತ್ತು ವರ್ಷದಿಂದ ಶೆಟ್ಟರು ಅವರ ಸ್ಕೂಟರಿನ ಹಿಂದೆ ಕುಳಿತೇ ಕೆಲಸಕ್ಕೆ ಹೋಗಿ ಬರುವುದು. ಹಸೈನಾರ್ ಸ್ಕೂಟರು ಬಿಡುವಾಗ ಹಾಡುತ್ತಾರೆ. ಒಳಗಿನ ಶೆಟ್ಟರು ಎಂದಿನಂತೆ ಆ ಹಾಡಿನ ಬಗ್ಗೆ ನಾಲ್ಕು ಮಾತು ಶುರುಮಾಡಿದ್ದಷ್ಟೆ, ಹಸೈನಾರ್ ತಟ್ಟನೆ ಹಾಡು ನಿಲ್ಲಿಸಿ ತಿರುಗಿದರು.

"ಎಂತ ಶೆಟ್ರೆ?"

"ನಾನು ಎಂತದೂ ಹೇಳ್ಲಿಲ್ಲ."

"ಏನೋ ಅಂದ ಹಾಗೆ ಆಯ್ತು."

ಆದದ್ದು ಶೆಟ್ಟರ ಬುತ್ತಿಯ ಮುಚ್ಚಳದ ಸದ್ದು. ಅದನ್ನು ಶೆಟ್ಟರಿಗೆ ಹೇಳುವವರು ಯಾರು? ಮನೆ ಮುಟ್ಟುವವರೆಗೂ ಅವರು ನಾಲಗೆಯನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದಿದ್ದರು.

ಸೋಮವಾರ ಕೌಂಟರು ತೆರೆಯುವ ಹೊತ್ತಿಗೇ ಜುಲೈಕಾ ಬಂದಳು. ಅವಳಿಗೆ ಎಪ್ಪತ್ತು ಅಡಿಕೆಮರ, ಆರು ಆಡು. ಬೇವಿನ ಹಿಂಡಿಯ ಹರಿದ ಚೀಲವೊಂದನ್ನು ಕೌಂಟರಿನ ಮೇಲೆ ಇಟ್ಟು, ನೀವು ಹರಿದದ್ದನ್ನೇ ಕೊಟ್ಟದ್ದು ಅಂದಳು. ಒಳಗಿನವರು "ಇದು ನಿನ್ನ ಆಡು ತಿಂದದ್ದು" ಅಂದರು. ಹೊರಗಿನವರು ಬಾಯಿ ತೆರೆಯುವ ಮೊದಲೇ ಜುಲೈಕಾ ಮುಂದುವರಿಸಿದಳು. "ಆಡು ತಿಂದದ್ದು ಅಂತ ಮಾತ್ರ ಹೇಳ್ಬೇಡಿ ಶೆಟ್ರೆ. ನನ್ನ ಆಡು ಚೀಲ ಮುಟ್ಟುವುದಿಲ್ಲ."

ಚೀಲದ ಅಂಚಿನಲ್ಲಿ ಹಲ್ಲಿನ ಗುರುತು ಸಾಲಾಗಿ ಇತ್ತು, ಅದಕ್ಕೇ ಅವಳು ಮಾತಿಗೆ ಮುಂಚಿತವಾಗಿ ಬೇಲಿ ಹಾಕಿದ್ದು. ಇವಳೂ ಕೇಳಿಸಿಕೊಂಡಳು ಅಂದುಕೊಂಡರು ಶೆಟ್ಟರು. ರಸೀದಿ ಬರೆದು ಹೊಸ ಚೀಲ ಕೊಟ್ಟು ಕಳಿಸಿದರು.

ಇನ್ನು ಕಾಯುವಂತಿರಲಿಲ್ಲ. ಶೆಟ್ಟರು ಮೊದಲು ಒಳಗಿನವರ ಭಾಷೆ ಬದಲಿಸಿ ನೋಡಿದರು. ತುಳು ಮನೆಯಲ್ಲಿ ಬಂದದ್ದು, ಅದರಲ್ಲಿ ಬೈಗುಳ ಧಾರಾಳ. ಕನ್ನಡ ಶಾಲೆಯಲ್ಲಿ ಕಲಿತದ್ದು, ಪಠ್ಯಪುಸ್ತಕದಲ್ಲಿ ಬೈಗುಳದ ಪಾಠ ಇರಲಿಲ್ಲ. ಹಾಗಾಗಿ ಕನ್ನಡದಲ್ಲೇ ಯೋಚಿಸಿದರೆ ಸೋರಿದರೂ ನಷ್ಟವಿಲ್ಲ ಎಂಬುದು ಅವರ ಲೆಕ್ಕ. ಆ ಬೆಳಿಗ್ಗೆ ಪೂರ್ತಿ ಒಳಗಿನವರು "ಮಹನೀಯರೇ, ತಮ್ಮ ವರ್ತನೆಯು ಸಮಂಜಸವಾಗಿಲ್ಲ" ಎಂದು ಕಷ್ಟಪಟ್ಟು ಅನ್ನುತ್ತಾ ಬಂದರು. ಹನ್ನೆರಡಕ್ಕೆ ಅವರ ತಾಳ್ಮೆ ಮುಗಿಯಿತು. ಊಟದ ಹೊತ್ತಿಗೆ ತುಳುವಿಗೆ ವಾಪಸು ಬಂದವರು ಬೆಳಗಿನ ಬಾಕಿಯನ್ನೂ ಸೇರಿಸಿ ಹೇಳಿದರು.

ಎರಡನೆಯ ಉಪಾಯ ಮುಖಗವಸು. ಕೊರೋನಾ ಕಾಲದಿಂದ ಉಳಿದದ್ದೊಂದು ಕಪಾಟಿನಲ್ಲಿತ್ತು. ಅದನ್ನು ಹಾಕಿಕೊಂಡೇ ರಾತ್ರಿ ಊಟಕ್ಕೆ ಕುಳಿತು, ತುತ್ತಿಗೊಮ್ಮೆ ಎತ್ತಿ, ತುತ್ತಿಗೊಮ್ಮೆ ಇಳಿಸಿ ಉಂಡರು.

"ಎಂತ ಇದು ಮೋರೆಗೆ?" ಕಾಂತಿ ಕೇಳಿದಳು.

"ಧೂಳು."

"ಅನ್ನದಲ್ಲಾ?"

ಶೆಟ್ಟರು ಕಾಂತಿಯ ಮುಖವನ್ನೇ ನೋಡುತ್ತಿದ್ದರು. ಆ ಗಳಿಗೆಯಲ್ಲಿ ಅವರಿಗೆ ಒಂದು ಪ್ರಶ್ನೆ ಹೊಳೆಯಿತು. ಈ ಸೋರಿಕೆ ಇವತ್ತಿನದೋ, ಮೊದಲಿನಿಂದಲೂ ಇದ್ದದ್ದೋ? ಹದಿನಾಲ್ಕು ವರ್ಷದ ಹಿಂದೆ "ನಿನ್ನ ಇಷ್ಟ" ಅಂದಾಗ, ಅದರ ಹಿಂದಿನ "ಬೇಡ" ಕಾಂತಿಯ ಕಿವಿಗೆ ಬಿದ್ದಿತ್ತೋ? ಬಿದ್ದಿದ್ದರೆ, ಇಷ್ಟು ವರ್ಷ ಅವಳು ನೆಂಟರೆದುರು ಹೇಳಿದ್ದು ಸುಳ್ಳು, ತಾನು ನಂಬಿದ್ದೂ ಸುಳ್ಳು. ಕೇಳಿಬಿಡುವ ಅನ್ನಿಸಿತು. ಧೈರ್ಯ ಬರಲಿಲ್ಲ. ಮುಖಗವಸು ಎತ್ತಿ ಮಜ್ಜಿಗೆ ಕುಡಿದು ಎದ್ದರು.

ಮಂಗಳವಾರ ಬೆಳಿಗ್ಗೆ ದೇವಸ್ಥಾನಕ್ಕೆ ಹೋಗಿ ಕೇಶವಪ್ರಸಾದ ಭಟ್ಟರೆದುರು ನಿಂತರು. ತಪ್ಪುಕಾಣಿಕೆ ಹಾಕಬೇಕಿತ್ತು.

"ಎಂತ ತಪ್ಪು ಶೆಟ್ರೆ?"

"ಜನರಿಗೆ ಏನೇನೋ ಅಂದಿದ್ದೇನೆ ಭಟ್ರೆ."

"ನೀವಾ?" ಭಟ್ಟರು ಗಂಧ ತೇಯುವುದನ್ನು ನಿಲ್ಲಿಸಿದರು. "ಬಾಯಿಗೆ ಬಂದ ಹಾಗೆ ಅಂದದ್ದಾ?"

"ಬಾಯಿವರೆಗೆ ಬಂದದ್ದು."

ಭಟ್ಟರಿಗೆ ಆ ವ್ಯತ್ಯಾಸದಲ್ಲಿ ದೊಡ್ಡ ತಥ್ಯ ಕಾಣಲಿಲ್ಲ. ಹಿಂದೆ ಎಷ್ಟೋ ಜನರಿಗೆ ಹೇಳಿದ್ದನ್ನೇ ಹೇಳಿದರು. "ದೇವರಲ್ಲಿ ಮತ್ತೆ ಕೇಳುವ. ಮೊದಲು ಯಾರಿಗೆ ಅಂದದ್ದೋ ಅವರಲ್ಲಿ ಹೋಗಿ ತಪ್ಪಾಯ್ತು ಅಂತ ಹೇಳಿ ಬನ್ನಿ. ಕ್ರಮ ಹಾಗೆ."

ಕ್ರಮ ಅಂದಮೇಲೆ ಶೆಟ್ಟರು ಬಿಡುವವರಲ್ಲ. ಅವರು ಆವತ್ತೇ ಕೂತು ಜನರ ಪಟ್ಟಿ ಮಾಡಿದರು. ಪಟ್ಟಿಯ ಮೊದಲನೆಯ ಹೆಸರು ಕಾಂತಿ. ಅದನ್ನು ಗೆರೆ ಎಳೆದು ಕೊನೆಗೆ ಹಾಕಿಕೊಂಡರು. ಮೊದಲು ಊರವರಲ್ಲಿ ಅಭ್ಯಾಸವಾಗಲಿ ಎಂದು ಸಮಾಧಾನ ಹೇಳಿಕೊಂಡರು.

ಬುಧವಾರ ಹಸೈನಾರರನ್ನು ಕಲ್ಲಡ್ಕದ ಹೋಟೆಲಿನಲ್ಲಿ ಕೂರಿಸಿ ಎರಡು ಕೆ.ಟಿ., ಅಂದರೆ ಕಲ್ಲಡ್ಕ ಟೀ, ಹೇಳಿದರು. ಗ್ಲಾಸಿನಲ್ಲಿ ಹಾಲು ಕೆಳಗೆ, ಚಾ ಮೇಲೆ, ಎರಡೂ ಬೆರೆಯದೆ ನಿಂತಿರುವಾಗ ಶೆಟ್ಟರು ಗಂಟಲು ಸರಿಮಾಡಿಕೊಂಡರು.

"ಹಸೈನಾರ್ ಬ್ಯಾರಿಗಳೇ, ನಿಮ್ಮ ಬಗ್ಗೆ ನಾನು ಹೇಳಿದ್ದೆಲ್ಲ ತಪ್ಪಾಯ್ತು."

"ನೀವು ನನ್ನ ಬಗ್ಗೆ ಎಂತ ಹೇಳಿದ್ದು?"

"ನೀವು ಕೇಳಿಸಿಕೊಂಡಿದ್ದೀರಿ ಅಂತ ನನಗೆ ಗೊತ್ತುಂಟು."

"ನಾನು ಎಂತದೂ ಕೇಳ್ಲಿಲ್ಲ ಮಾರಾಯ್ರೆ."

ಶೆಟ್ಟರ ಕಣ್ಣು ಒದ್ದೆಯಾಯಿತು. "ನಿಮ್ಮದು ದೊಡ್ಡ ಮನಸ್ಸು. ಆದ್ರೂ ನನ್ನ ಬಾಯಿಂದಲೇ ಹೇಳಿಬಿಡ್ತೇನೆ. ನಿಮ್ಮ ಹಾಡು ಕೇಳಿದ್ರೆ ಕಟ್ಟಿ ಹಾಕಿದ ಕೋಣವೂ ಹಗ್ಗ ಬಿಚ್ಚಿಕೊಂಡು ಓಡೀತು ಅಂತ ಅಂದದ್ದು. ಅದು ದಿವಸಾ ಅಂದದ್ದು, ಬರುವಾಗ ಹೋಗುವಾಗ ಎರಡು ಸಲ. ಮತ್ತೆ ನಿಮ್ಮ ಮಗಳು ಶಹಲಾಳ ಮದುವೆಯಲ್ಲಿ ಬಿರಿಯಾನಿಯ ಅಕ್ಕಿ ಬೇಯ್ಲಿಲ್ಲ ಅಂತ."

ಹಸೈನಾರ್ ಗ್ಲಾಸನ್ನು ಪಕ್ಕಕ್ಕೆ ಸರಿಸಿದರು. "ಬಿರಿಯಾನಿ ನೀವು ಮೂರು ಸಲ ಹಾಕಿಸಿಕೊಂಡದ್ದು ಶೆಟ್ರೆ," ಅಂದರು. ಆಮೇಲೆ ಚಾ ಮುಟ್ಟದೆ ಎದ್ದು ಹೋದರು.

ಮರುದಿನ ಸ್ಕೂಟರು ಶೆಟ್ಟರ ಗೇಟಿನೆದುರು ನಿಲ್ಲದೆ, ಹಾಡಿಲ್ಲದೆ ಹೋಯಿತು. ನೋಡಿ, ಕೇಳಿಸಿಕೊಂಡದ್ದೇ ಹೌದು, ಇಲ್ಲದಿದ್ದರೆ ಇಷ್ಟು ಸಿಟ್ಟು ಎಲ್ಲಿಂದ ಬರಬೇಕು ಎಂದು ಶೆಟ್ಟರು ಬಸ್ಸಿನಲ್ಲಿ ನೇತಾಡುತ್ತಾ ಯೋಚಿಸಿದರು. ಭಯ ಇಮ್ಮಡಿಯಾಯಿತು. ಉಳಿದವರಲ್ಲಿ ಬೇಗ ಬೇಗ ಕೇಳಿ ಮುಗಿಸಬೇಕು.

ಸಂಘದ ಕಾರ್ಯದರ್ಶಿ ಬಸವಣ್ಣೆಪ್ಪನವರು ಗದಗದ ಕಡೆಯವರು. ತುಳು ಬಾರದ ಏಕೈಕ ಮನುಷ್ಯನೆಂದು ಶೆಟ್ಟರು ಅವರನ್ನು ಪಟ್ಟಿಯಿಂದ ಬಿಟ್ಟಿದ್ದರು. ಗುರುವಾರ ಬೆಳಿಗ್ಗೆ ಅದೇ ಬಸವಣ್ಣೆಪ್ಪನವರು ಮೀನಿನವನಿಗೆ ಫೋನಿನಲ್ಲಿ "ಬೊಕ್ಕ ಬರ್ಪೆ" ಅನ್ನುವುದು ಕೇಳಿಸಿತು. ಆಮೇಲೆ ಬರ್ತೇನೆ ಎಂದು ಚೊಕ್ಕ ತುಳುವಿನಲ್ಲಿ ಹೇಳುವವನಿಗೆ ಉಳಿದದ್ದು ಅರ್ಥವಾಗದೆ ಇರುತ್ತದೆಯೇ? ಶೆಟ್ಟರು ಅವರನ್ನೂ ಪಟ್ಟಿಗೆ ಸೇರಿಸಿದರು. ಮೇಲಧಿಕಾರಿಯಲ್ಲಿ ಬಾಯಿಮಾತಿನ ಕ್ಷಮೆ ಸಾಲದೆಂದು ಬರವಣಿಗೆಯಲ್ಲಿ ಕೊಟ್ಟರು. ಆವಕ ಪುಸ್ತಕದಲ್ಲಿ ನಂಬರು ಹಾಕಿಸಿಯೇ ಕೊಟ್ಟರು.

"ಮಾನ್ಯರೇ, ತಾವು ಅಧಿಕಾರ ವಹಿಸಿಕೊಂಡ ದಿನದಿಂದ ಇಂದಿನವರೆಗೆ ತಮ್ಮನ್ನು ಕುರಿತು ನಾನು ಮನಸ್ಸಿನಲ್ಲಿ ಆಡಿರುವ ಮಾತುಗಳಿಗಾಗಿ ವಿಷಾದಿಸುತ್ತೇನೆ. ಪಟ್ಟಿಯನ್ನು ಲಗತ್ತಿಸಿದೆ."

ಪಟ್ಟಿ ಎರಡು ಪುಟ ಇತ್ತು. ಬಸವಣ್ಣೆಪ್ಪನವರು ಕನ್ನಡಕ ಹಾಕಿಕೊಂಡು ಓದಿದರು, ತೆಗೆದು ಒರೆಸಿ ಮತ್ತೆ ಓದಿದರು.

"ಏನ್ರೀ ಶೆಟ್ಟರ ಇದು? ಕುಂಬಳಕಾಯಿ ತಲಿ ಅಂದ್ರ ನಾನೇನ್ರೀ?"

"ಹೌದು ಸರ್. ಕ್ರಮ ಸಂಖ್ಯೆ ನಾಲ್ಕು."

"ನಿಮ್ಮನ್ನ ಯಾರ್ ಕೇಳಿದ್ರು ಇದನ್ನ?"

"ಯಾರೂ ಕೇಳುವ ಮೊದಲೇ ಹೇಳುವ ಅಂತ."

ಬಸವಣ್ಣೆಪ್ಪನವರು ಕೆಟ್ಟವರಲ್ಲ. ಸಾಧ್ಯವಿದ್ದರೆ ಕಾಗದವನ್ನು ಹರಿದು ಬುಟ್ಟಿಗೆ ಹಾಕುತ್ತಿದ್ದರು. ಆದರೆ ನಂಬರು ಬಿದ್ದಿತ್ತು. "ನಂಬರ್ ಬಿದ್ದ ಕಾಗದ ಹರಿಯಾಕ ಬರೂದಿಲ್ರಿ. ಆಡಳಿತ ಮಂಡಳಿ ಮುಂದ ಇಡಬೇಕಾಗ್ತದ," ಎಂದು ತಲೆ ಒತ್ತಿಕೊಂಡರು. ನಾಲ್ಕನೆಯ ಸಂಖ್ಯೆಯ ಆ ತಲೆಯನ್ನು ನೋಡಬಾರದೆಂದು ಶೆಟ್ಟರು ನೆಲ ನೋಡಿದರು.

ಮಂಡಳಿ ಅದೇ ಮಧ್ಯಾಹ್ನ ಅವಸರದ ಸಭೆ ಸೇರಿತು. ಒಬ್ಬ ನಿರ್ದೇಶಕರು ಇದು ಶಿಸ್ತಿನ ಪ್ರಶ್ನೆ ಅಂದರು, ಇನ್ನೊಬ್ಬರು ಆರೋಗ್ಯದ ಪ್ರಶ್ನೆ ಅಂದರು, ಮೂರನೆಯವರು ಪಟ್ಟಿಯನ್ನು ಜೋರಾಗಿ ಓದಿ ಎಂದು ಒತ್ತಾಯಿಸಿದರು. ಸಂಜೆ ಸೂಚನಾಫಲಕದಲ್ಲಿ ಸುತ್ತೋಲೆ ಬಂತು. "ನೌಕರರು ಕಚೇರಿಯ ವೇಳೆಯಲ್ಲಿ ಸದಸ್ಯರನ್ನು ಹಾಗೂ ಅಧಿಕಾರಿಗಳನ್ನು ಕುರಿತು ಮನಸ್ಸಿನಲ್ಲಿಯೂ ಗೌರವಯುತ ಪದಗಳನ್ನೇ ಬಳಸತಕ್ಕದ್ದು."

ಶುಕ್ರವಾರ ಕೌಂಟರಿನೆದುರು ಯೂರಿಯಾ ಬಂದ ದಿನಕ್ಕಿಂತ ಉದ್ದದ ಸಾಲು. ಯಾರಿಗೂ ಗೊಬ್ಬರ ಬೇಡ. ಎಲ್ಲರಿಗೂ ತಮ್ಮ ಬಗ್ಗೆ ಏನು ಅಂದಿದ್ದಾರೆಂದು ತಿಳಿಯಬೇಕು. ಮೊದಲಿಗಳಾಗಿ ಬಂದ ಜುಲೈಕಾಳಿಗೆ ಶೆಟ್ಟರು ಆಡಿನ ವಿಷಯ ಒಪ್ಪಿಸಿ ಕೈಮುಗಿದರು. ಅವಳು ಹಿಂದಿನವರಿಗೆಲ್ಲ ಕೇಳುವಂತೆ, ಸಂಘದವರು ತನ್ನ ಆಡಿನ ಮೇಲೆ ಆರೋಪ ಹೊರಿಸಿದ್ದಾರೆಂದು ಸಾರಿದಳು. ಒಂಬತ್ತನೆಯವನು ಜಿತೇಶ್, ಪಂಚಾಯತಿ ಸದಸ್ಯ, ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಬಂದಿದ್ದ.

"ನನ್ನ ಬಗ್ಗೆ ಎಂತ ಅಂದಿದ್ದೀರಿ ಶೆಟ್ರೆ? ಹೆದರ್ಬೇಡಿ, ಹೇಳಿ. ಸಾರ್ವಜನಿಕ ಜೀವನದಲ್ಲಿ ಇರುವವ ನಾನು."

ಶೆಟ್ಟರು ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿದರು. "ನಿಮ್ಮ ಹೆಸರು ಇಲ್ಲ."

"ಎರಡು ಸಲ ಗೆದ್ದವ ನಾನು. ಒಂದು ಮಾತೂ ಇಲ್ವಾ?"

"ನಿಮ್ಮನ್ನು ನೋಡುವಾಗ ಒಳಗೆ ಎಂತದೂ ಬರುವುದಿಲ್ಲ."

ಆ ವಾರ ಶೆಟ್ಟರ ಮೇಲೆ ಸಿಟ್ಟಾದವರಲ್ಲಿ ಜಿತೇಶನಷ್ಟು ನೊಂದವರು ಬೇರೊಬ್ಬರಿಲ್ಲ. ಅವನು ಮೇಜಿಗೆ ಗುದ್ದಿ ಹೊರಗೆ ಹೋಗುವುದಕ್ಕೂ ಕೇಶವಪ್ರಸಾದ ಭಟ್ಟರು ಮಗಳನ್ನು ಕರೆದುಕೊಂಡು ಒಳಗೆ ಬರುವುದಕ್ಕೂ ಸರಿಹೋಯಿತು. ಊರೆಲ್ಲ ಆದ ಗಲಾಟೆಗೆ ತಮ್ಮ ಮಾತೂ ಕಾರಣವೆಂದು ಭಟ್ಟರಿಗೆ ಕಸಿವಿಸಿಯಾಗಿತ್ತು.

ಶುಭಶ್ರೀ ಕೌಂಟರಿನ ಒಳಗೆ ಬಂದು ಶೆಟ್ಟರ ಪಕ್ಕ ಸ್ಟೂಲಿನಲ್ಲಿ ಕುಳಿತಳು. "ಯಾರಿಗೂ ಕೇಳಿಸುವುದಿಲ್ಲ ಶೆಟ್ರೆ. ಆ ಅಲುಗಾಟ ಅಷ್ಟು ಸಣ್ಣದು. ನಿಮಗೆ ಒಳಗೆ ಕೇಳುವ ಸ್ವರ ಮೆದುಳು ನಿಮಗೋಸ್ಕರ ಮಾತ್ರ ಮಾಡಿಕೊಳ್ಳುವುದು. ಇದು ನಮ್ಮದೇ ಮಾತು, ಹೊರಗಿನದ್ದಲ್ಲ ಅಂತ ಕಿವಿಯ ಭಾಗಕ್ಕೆ ಮುಂಚೆಯೇ ಸುದ್ದಿ ಕೊಡ್ತದೆ. ವಯಸ್ಸಾದವರು ಒಬ್ಬರೇ ಗೊಣಗುವುದುಂಟಲ್ಲ, ನಾನು ಹೇಳಿದ್ದು ಅದನ್ನು. ಅದು ಎಲ್ಲರಿಗೂ ಕೇಳ್ತದೆ, ನಿಮಗೆ ಹಾಗಾದ್ರೆ ನಿಮ್ಮ ಮನೆಯವರೇ ಹೇಳಿಯಾರು. ಇದನ್ನೆಲ್ಲ ಶನಿವಾರವೇ ಹೇಳಿದ್ದೆನಲ್ಲ?"

"ನಾನು ಗೋಳಿಬಜೆಗೆ ಹೋಗಿದ್ದೆ," ಅಂದರು ಶೆಟ್ಟರು.

ಹಾಗಾದರೆ ಯಾರೂ ಏನೂ ಕೇಳಿಸಿಕೊಂಡಿರಲಿಲ್ಲ. ಇಪ್ಪತ್ತಾರು ವರ್ಷ ಯಾರಿಗೂ ಗೊತ್ತಿಲ್ಲದ ಮಾತುಗಳನ್ನು ತಾವೇ ಒಬ್ಬೊಬ್ಬರ ಮುಂದೆ ಒಯ್ದು, ಸಹಿ ಹಾಕಿ, ನಂಬರು ಹಾಕಿಸಿ ಕೊಟ್ಟಿದ್ದರು. ಶೆಟ್ಟರಿಗೆ ತಲೆ ಎತ್ತಲಾಗಲಿಲ್ಲ. ಆದರೆ ಬಸ್ಸು ಕಲ್ಲಡ್ಕ ಮುಟ್ಟುವ ಹೊತ್ತಿಗೆ ಒಂದು ಸಂತೋಷ ಮೆಲ್ಲಗೆ ಮೇಲೆದ್ದಿತು. ಕಾಂತಿಗೂ ಕೇಳಿಸಿರಲಿಲ್ಲ. ಪಟ್ಟಿಯ ಕೊನೆಯ ಹೆಸರಿಗೆ ತಾವಿನ್ನೂ ಹೋಗಿರಲಿಲ್ಲ. ಆ ಒಂದು ಮಾತು ಒಳಗೇ ಉಳಿದಿತ್ತು, ಇನ್ನು ಸಾಯುವವರೆಗೆ ಒಳಗೇ ಇರಲಿ. ಜೇಬಿನಲ್ಲಿದ್ದ ಮುಖಗವಸನ್ನು ಬಸ್ಸಿನ ಕಿಟಕಿಯ ಸರಳಿಗೆ ಸಿಕ್ಕಿಸಿ ಇಳಿದರು.

ಬಿಸಿಲು ಇನ್ನೂ ಅಂಗಳದಲ್ಲಿತ್ತು. ಕಾಂತಿ ಜಗಲಿಯಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದಳು.

"ಊರಿಡೀ ತಪ್ಪಾಯ್ತು ಅಂತ ಹೇಳಿ ಬಂದಿರಂತೆ," ಅಂದಳು. "ನನ್ನಲ್ಲಿ ಹೇಳ್ಲಿಕ್ಕೆ ಎಂತದೂ ಇಲ್ವಾ?"

"ಅದೆಲ್ಲ ತಪ್ಪು ತಿಳುವಳಿಕೆ ಕಾಂತಿ. ಒಳಗಿನ ಮಾತು ಯಾರಿಗೂ ಕೇಳಿಸುವುದಿಲ್ಲಂತೆ. ಭಟ್ರ ಮಗಳೇ ಹೇಳಿದ್ದು. ಮೆದುಳಿನ ಡಾಕ್ಟರು."

"ಮೂಡುಬಿದಿರೆಯ ಕಾಗದ ಬಂದಾಗ ನೀವು ಬೇಡ ಅಂದದ್ದು ನನಗೆ ಅವತ್ತೇ ಕೇಳಿಸಿತ್ತು."

ಶೆಟ್ಟರು ಚಪ್ಪಲಿ ಬಿಡುತ್ತಿದ್ದವರು ಒಂದು ಕಾಲಿನಲ್ಲಿ ನಿಂತರು. "ನಾನು ನಿನ್ನ ಇಷ್ಟ ಅಂದದ್ದು."

"ಹೌದು. ಹಾಗೆ ಹೇಳಿ, ಆ ಕಾಗದದ ಮೇಲೆ ಚಾದ ಲೋಟ ಇಟ್ಟಿರಿ." ಕಾಂತಿ ಸ್ವರ ಏರಿಸಲಿಲ್ಲ, ಬಟ್ಟೆ ಮಡಚುವುದನ್ನೂ ನಿಲ್ಲಿಸಲಿಲ್ಲ. "ಶಾಯಿ ಹಬ್ಬಿ ಸಹಿ ಅಳಿಸಿಹೋಯ್ತು. ಅದನ್ನು ಒರೆಸ್ಲಿಕ್ಕೂ ನೀವು ಲೋಟ ಎತ್ತಲಿಲ್ಲ. ಎರಡು ದಿನ ಕಾದೆ, ಹೋಗು ಅಂತ ಹೇಳ್ತೀರಾ ಅಂತ. ಮತ್ತೆ ಬಿಟ್ಟೆ."

ಶೆಟ್ಟರಿಗೆ ಆ ಲೋಟದ ನೆನಪೇ ಇರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ವಾರವಿಡೀ ಊರವರೆದುರು ಕೈಮುಗಿದವರಿಗೆ ಈಗ ಕೈ ಎಲ್ಲಿದೆಯೆಂದೇ ತಿಳಿಯಲಿಲ್ಲ. ಎಷ್ಟು ಜನರಲ್ಲಿ ಎಷ್ಟು ಸುಲಭವಾಗಿ ಬಂದಿದ್ದ ಮಾತು, ಇವಳೆದುರು ಹೊರಡಲು ಬಹಳ ಹೊತ್ತು ತೆಗೆದುಕೊಂಡಿತು. "ತಪ್ಪಾಯ್ತು ಕಾಂತಿ," ಅಂದರು ಕೊನೆಗೆ. ಪಟ್ಟಿ ಜೇಬಿನಲ್ಲೇ ಇತ್ತು.

ಕಾಂತಿ ಕೊನೆಯ ಸೀರೆಯನ್ನು ಮಡಚಿ ಮೇಲಿಟ್ಟಳು. "ಹಾಸ್ಟೆಲಿನವರು ಪುನಃ ಕರೆದಿದ್ದಾರೆ. ಸೋಮವಾರದಿಂದ. ಈ ಸಲ ನನ್ನ ಇಷ್ಟ ಎಂತದು ಅಂತ ನನಗೆ ಗೊತ್ತುಂಟು. ನಿಮ್ಮದು ಹೇಳಿ. ಬಾಯಿಬಿಟ್ಟು ಹೇಳಿ."

"ಹೋಗು," ಅಂದರು ಶೆಟ್ಟರು. ಮನಸಾರೆ ಅಂದರು, ಸ್ವರವೂ ನಡುಗಲಿಲ್ಲ. ಕಾಂತಿಯ ಮುಖದಲ್ಲಿ ನಗು ಮೂಡುವುದನ್ನು ನೋಡಿ ಅವರಿಗೆ ಅಳು ಬರುವ ಹಾಗಾಯಿತು. ಅಷ್ಟರಲ್ಲಿ ಒಳಗಿನವರು ಸುಮ್ಮನಿರಲಾರದೆ, ಹಾಗಾದರೆ ದಿನಾ ಸಂಜೆಯ ಚಾ ಮಾಡುವವರು ಯಾರು ಎಂದು ತುಳುವಿನಲ್ಲಿ ಕೇಳಿಬಿಟ್ಟರು. ಶೆಟ್ಟರು ತುಟಿ ಬಿಗಿಯಾಗಿ ಮುಚ್ಚಿಕೊಂಡೇ ನಿಂತಿದ್ದರು.

"ಚಾಪುಡಿ ಮೇಲಿನ ಹಲಗೆಯಲ್ಲಿ ಉಂಟು," ಅಂದಳು ಕಾಂತಿ, ಬಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಾ. "ಇವತ್ತೇ ಮಾಡಿ ಕಲೀರಿ. ನನಗೆ ಸಕ್ಕರೆ ಕಡಿಮೆ."